ನಿಧಾನವಾದ ಲ್ಯಾಪ್‌ಟಾಪ್: ಕ್ಲೀನರ್ ತಂತ್ರಾಂಶಕ್ಕೆ ಹಣ ಕೊಡಬೇಕೇ, ಫಾರ್ಮ್ಯಾಟ್ ಮಾಡಿಸಬೇಕೇ?

ಪ್ರಶ್ನೆ: ನಮಸ್ಕಾರ. 2019ರಲ್ಲಿ ಕೊಂಡ ನನ್ನ ಲ್ಯಾಪ್‌ಟಾಪಿನಲ್ಲಿ ಇಂಟೆಲ್‌ನ ಎಂಟನೇ ತಲೆಮಾರಿನ ಐ5 ಪ್ರೊಸೆಸರ್, 4 ಜಿಬಿ ರ್‍ಯಾಮ್ ಮತ್ತು 1 ಟಿಬಿ ಹಾರ್ಡ್ ಡಿಸ್ಕ್ ಇವೆ; ವಿಂಡೋಸ್ 10 ಬಳಸುತ್ತಿದ್ದೇನೆ. ಆನ್ ಮಾಡಿದ ಮೇಲೆ ಕೆಲಸಕ್ಕೆ ಸಿದ್ಧವಾಗಲು ಐದಾರು ನಿಮಿಷ ಹಿಡಿಯುತ್ತದೆ. ಕನ್ನಡ ಟೈಪಿಂಗ್ ತಂತ್ರಾಂಶವಾದ ನುಡಿಯಲ್ಲಿ ಟೈಪ್ ಮಾಡಿದರೆ ಅಕ್ಷರಗಳು ತಡವಾಗಿ ಮೂಡುತ್ತವೆ. ತಾತ್ಕಾಲಿಕ ಕಡತಗಳನ್ನು ಅಳಿಸಿದ್ದೇನೆ, ಡಿಸ್ಕಿನಲ್ಲಿ ಚದುರಿದ ಕಡತದ ತುಣುಕುಗಳನ್ನು ಒಟ್ಟುಗೂಡಿಸುವ ಡಿಫ್ರಾಗ್ ಮಾಡಿದ್ದೇನೆ, ಉಚಿತವಾಗಿ ಸಿಗುವ ಕ್ಲೀನರ್ ತಂತ್ರಾಂಶವೊಂದನ್ನೂ ಹಾಕಿ ನೋಡಿದ್ದೇನೆ. ಅದು ಸಾವಿರಾರು ದೋಷಗಳಿವೆ ಎಂದು ತೋರಿಸಿ, ಸರಿಪಡಿಸಲು ಹಣ ಕೇಳುತ್ತಿದೆ. ಅಂಗಡಿಯವರು ಫಾರ್ಮ್ಯಾಟ್ ಮಾಡಿಸಿ ಎನ್ನುತ್ತಾರೆ. ಯಾವುದು ಸರಿ?

ಉತ್ತರ: ದಯವಿಟ್ಟು ಹಣ ಕೊಡಬೇಡಿ, ಫಾರ್ಮ್ಯಾಟ್ ಕೂಡ ಸದ್ಯಕ್ಕೆ ಬೇಡ. ಆ ತಂತ್ರಾಂಶ ತೋರಿಸುವ ‘ದೋಷ’ಗಳಲ್ಲಿ ಹೆಚ್ಚಿನವು ಹಿಂದೆ ತೆಗೆದುಹಾಕಿದ ತಂತ್ರಾಂಶಗಳು ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಮತ್ತು ತಂತ್ರಾಂಶಗಳ ಸೆಟ್ಟಿಂಗುಗಳನ್ನು ಬರೆದಿಡುವ ದತ್ತಕೋಶದಲ್ಲಿ) ಬಿಟ್ಟುಹೋದ ನಮೂದುಗಳು. ಲಕ್ಷಾಂತರ ನಮೂದುಗಳಿರುವ ರಿಜಿಸ್ಟ್ರಿಯಿಂದ ಕೆಲವು ಸಾವಿರವನ್ನು ಅಳಿಸಿದರೆ ವೇಗದಲ್ಲಿ ಗಮನಕ್ಕೆ ಬರುವಷ್ಟು ವ್ಯತ್ಯಾಸ ಆಗುವುದಿಲ್ಲ. ಅಗತ್ಯವಾದದ್ದು ಅಳಿದುಹೋದರೆ ಮಾತ್ರ ತೊಂದರೆ ಖಚಿತ. ಇಂಥ ತಂತ್ರಾಂಶಗಳ ಬಳಕೆಯನ್ನು ಮೈಕ್ರೋಸಾಫ್ಟ್ ಕೂಡ ಬೆಂಬಲಿಸುವುದಿಲ್ಲ. 2017ರಲ್ಲಿ ಬಹುಜನಪ್ರಿಯವಾದ ಸಿಕ್ಲೀನರ್‌ನ 5.33ನೇ ಆವೃತ್ತಿಯೊಳಗೇ ದಾಳಿಕೋರರು ಕುತಂತ್ರಾಂಶ ಸೇರಿಸಿದ್ದರು. ಅಧಿಕೃತ ತಾಣದಿಂದಲೇ ಇಳಿಸಿಕೊಂಡ 20 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಅದು ತಲುಪಿತ್ತು.

ಯಾವುದನ್ನೇ ಅಳಿಸುವ ಮೊದಲು, ಕಂಪ್ಯೂಟರ್ ಯಾವುದಕ್ಕಾಗಿ ಕಾಯುತ್ತಿದೆ ಎಂಬುದನ್ನು ನೋಡಬೇಕು. ಆನ್ ಮಾಡಿದ ಒಡನೆ ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಸಿಪಿಯು ಅಂಕಣ ಕಡಿಮೆ ಇದ್ದು, ಡಿಸ್ಕ್ ಅಂಕಣ ಮಾತ್ರ ಶೇ. 100ರಲ್ಲಿ ನಿಂತಿದ್ದು, ಅದೇ ಹೊತ್ತಿನಲ್ಲಿ ಮಾಹಿತಿಯ ಸಾಗಣೆ ಸೆಕೆಂಡಿಗೆ ಒಂದೆರಡು ಎಂಬಿಯಷ್ಟೇ ಇದ್ದರೆ, ಕಾರಣ ಹಾರ್ಡ್ ಡಿಸ್ಕಿನಲ್ಲೇ ಇದೆ.

ಲ್ಯಾಪ್‌ಟಾಪುಗಳ ಹಾರ್ಡ್ ಡಿಸ್ಕಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5,400 ಬಾರಿ ಸುತ್ತುತ್ತದೆ, ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಬೇಕಾದ ಮಾಹಿತಿ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಬೇಕು, ಮುಳ್ಳು ಸರಿಯಾದ ಜಾಡಿಗೆ ಚಲಿಸಲು ಇನ್ನಷ್ಟು ಸಮಯ ಬೇಕು. ಹೀಗಾಗಿ ಅಲ್ಲಲ್ಲಿ ಚದುರಿದ ಚಿಕ್ಕ ಕಡತಗಳನ್ನು ಓದುವಾಗ ಅದು ಸೆಕೆಂಡಿಗೆ ನೂರು ಬೇಡಿಕೆಗಳನ್ನು ಪೂರೈಸುವುದೂ ಕಷ್ಟ. ಹಾರ್ಡ್ ಡಿಸ್ಕಿನ ಬದಲಿಗೆ ಬಳಸುವ, ಚಲಿಸುವ ಭಾಗಗಳಿಲ್ಲದ ಎಸ್‌ಎಸ್‌ಡಿ ಇಂಥ ಸಾವಿರಾರು ಬೇಡಿಕೆಗಳನ್ನು ಒಂದೇ ಸೆಕೆಂಡಿನಲ್ಲಿ ಪೂರೈಸುತ್ತದೆ. ವಿಂಡೋಸ್ ಆರಂಭವಾಗುವಾಗ ಓದುವುದು ಬಹುಪಾಲು ಚಿಕ್ಕ ಕಡತಗಳನ್ನೇ ಎಂಬುದನ್ನು ಗಮನಿಸಿದರೆ, ನಿಮ್ಮ ಐದಾರು ನಿಮಿಷ ಎಲ್ಲಿ ಹೋಗುತ್ತಿದೆ ಎಂಬುದು ತಿಳಿಯುತ್ತದೆ. ಜೊತೆಗೆ 4 ಜಿಬಿ ರ್‍ಯಾಮ್ ಬ್ರೌಸರ್ ತೆರೆದ ಕೂಡಲೇ ತುಂಬಿಹೋಗುವುದರಿಂದ, ಉಳಿದದ್ದನ್ನು ವಿಂಡೋಸ್ ಅದೇ ನಿಧಾನದ ಡಿಸ್ಕಿನ ಮೇಲೆ ಬರೆದಿಟ್ಟು ಮತ್ತೆ ಓದುತ್ತಿರುತ್ತದೆ. ಅಕ್ಷರಗಳು ತಡವಾಗಿ ಮೂಡುವುದಕ್ಕೂ ಬಹುಶಃ ಇದೇ ಕಾರಣ.

ಇನ್ನೊಂದು ಪರೀಕ್ಷೆಯನ್ನು ತಪ್ಪದೇ ಮಾಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಡಿಸ್ಕಿನ ಆರೋಗ್ಯ ನೋಡಿ, ಏನು ಕಂಡಿತೆಂದು ಇಲ್ಲಿ ತಿಳಿಸಿ.

ಮರುಪ್ರಶ್ನೆ: ನೀವು ಹೇಳಿದಂತೆಯೇ ಡಿಸ್ಕ್ ಶೇ. 100 ತೋರಿಸುತ್ತಿದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಹಳದಿ ಬಣ್ಣದಲ್ಲಿ ‘ಎಚ್ಚರಿಕೆ’ ಎಂದಿದೆ, ಪೆಂಡಿಂಗ್ ಸೆಕ್ಟರ್ ಸಾಲಿನಲ್ಲಿ ಸೊನ್ನೆಯಲ್ಲದ ಸಂಖ್ಯೆ ಇದೆ. ಎಲ್ಲವನ್ನೂ ಹಾಗೆಯೇ ಹೊಸ ಎಸ್‌ಎಸ್‌ಡಿಗೆ ಕ್ಲೋನ್ ಮಾಡಬಹುದೇ?

ಉತ್ತರ: ಹಾಗಿದ್ದರೆ ವೇಗದ ವಿಚಾರ ಬದಿಗಿರಲಿ; ಮೊದಲು ನಿಮ್ಮ ಮಾಹಿತಿ ಉಳಿಯಬೇಕು. ಪೆಂಡಿಂಗ್ ಸೆಕ್ಟರ್ ಎಂದರೆ ಡಿಸ್ಕಿಗೆ ಈಗಾಗಲೇ ಸರಿಯಾಗಿ ಓದಲಾಗದ ಭಾಗಗಳಿವೆ ಎಂದರ್ಥ. ಇಂಥ ಡಿಸ್ಕಿನ ಮೇಲೆ ಡಿಫ್ರಾಗ್, ದೀರ್ಘ ತಪಾಸಣೆ ಅಥವಾ ಕ್ಲೋನ್ ನಡೆಸುವುದು ಅದಕ್ಕೆ ಇನ್ನಷ್ಟು ಶ್ರಮ ಕೊಟ್ಟಂತೆ. ಫಾರ್ಮ್ಯಾಟ್ ಮಾಡಿಸಿ, ಮಕ್ಕಳ ಫೋಟೋಗಳೂ ವರ್ಷಗಳ ಬರಹವೂ ಹೋದ ಮೇಲೆ ನಮ್ಮ ಬಳಿ ಬರುವವರಿಗೆ ನಾವು ಮಾಡಬಹುದಾದದ್ದು ಬಹಳ ಕಡಿಮೆ. ಆದ್ದರಿಂದ ಇಂದೇ, ಬೇರೆ ಯಾವ ಕೆಲಸವನ್ನೂ ತೆರೆಯದೆ, ಅತಿ ಮುಖ್ಯವಾದ ಕಡತಗಳಿಂದ ಆರಂಭಿಸಿ ಹೊರಗಿನ ಡಿಸ್ಕಿಗೆ ನಕಲು ಮಾಡಿ. ಡೆಸ್ಕ್‌ಟಾಪ್ ಮತ್ತು ಡೌನ್‌ಲೋಡ್ ಫೋಲ್ಡರುಗಳನ್ನು ಜನ ಹೆಚ್ಚಾಗಿ ಮರೆಯುತ್ತಾರೆ.

ಕನ್ನಡದಲ್ಲಿ ಕೆಲಸ ಮಾಡುವವರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ನುಡಿ ಅಥವಾ ಅದರಂಥದೇ ‘ಬರಹ’ ತಂತ್ರಾಂಶದ ಹಳೆಯ, ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಅಕ್ಷರ ಸಂಕೇತ) ಅಲ್ಲದ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಆದುದರಿಂದ ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ನೀವು ಬಳಸಿದ ಕನ್ನಡ ಫಾಂಟುಗಳನ್ನೂ ಕಡತಗಳ ಜೊತೆಗೇ ಉಳಿಸಿಕೊಳ್ಳಿ.

ಆಮೇಲೆ ಹಳೆಯ ಡಿಸ್ಕನ್ನು ತೆಗೆಸಿ, ಎರಡೂವರೆ ಅಂಗುಲದ ಸಾಟಾ ಎಸ್‌ಎಸ್‌ಡಿ ಹಾಕಿಸಿ. ಅದೇ ಜಾಗದಲ್ಲಿ, ಅದೇ ಕನೆಕ್ಟರಿಗೆ ಅದು ಹೊಂದುತ್ತದೆ. ರ್‍ಯಾಮಿಗೆ ಖಾಲಿ ಸ್ಲಾಟ್ ಇದೆಯೇ ಎಂದು ಲ್ಯಾಪ್‌ಟಾಪ್ ಬಿಚ್ಚಿದಾಗಲೇ ನೋಡಿಸಿ, ಇದ್ದರೆ 8 ಜಿಬಿಗೆ ಏರಿಸಿ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಎಂಟನೇ ತಲೆಮಾರಿನ ಐ5 ವಿಂಡೋಸ್ 11ರ ಅರ್ಹ ಪ್ರೊಸೆಸರುಗಳ ಪಟ್ಟಿಯಲ್ಲಿದೆ. ಹಾಗಾಗಿ ಮೈಕ್ರೋಸಾಫ್ಟ್ ತಾಣದಿಂದ 8 ಜಿಬಿಯ ಪೆನ್‌ಡ್ರೈವ್ ಸಿದ್ಧಪಡಿಸಿಕೊಂಡು ನೇರವಾಗಿ ವಿಂಡೋಸ್ 11ನ್ನೇ ಸ್ಥಾಪಿಸುವುದು ಒಳ್ಳೆಯದು. ಲ್ಯಾಪ್‌ಟಾಪಿನೊಂದಿಗೆ ಬಂದ ಡಿಜಿಟಲ್ ಪರವಾನಗಿ ಮುಖ್ಯವಾಗಿ ಮದರ್‌ಬೋರ್ಡಿಗೆ ಹೊಂದಿಕೊಂಡಿರುವುದರಿಂದ, ಡಿಸ್ಕ್ ಬದಲಿಸಿದ್ದಕ್ಕೆ ಹೊಸದಾಗಿ ಹಣ ತೆರಬೇಕಿಲ್ಲ. ನಂತರ ಎರಡನೆಯ ಆಂಟಿವೈರಸ್ ಹಾಕಬೇಡಿ, ವಿಂಡೋಸಿನ ಒಳಗೇ ಇರುವ ಆಂಟಿವೈರಸ್ ಡಿಫೆಂಡರ್ ಸಾಕು. ಎಸ್‌ಎಸ್‌ಡಿಗೆ ಅಗತ್ಯವಾದ ಟ್ರಿಮ್ ಕೆಲಸವನ್ನು (ಅಳಿಸಿದ ಮಾಹಿತಿಯ ಜಾಗ ಖಾಲಿಯಾಗಿದೆ ಎಂದು ಡಿಸ್ಕಿಗೆ ತಿಳಿಸುವುದನ್ನು) ವಿಂಡೋಸ್ ತಾನೇ ಮಾಡಿಕೊಳ್ಳುತ್ತದೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ನನ್ನದರಲ್ಲಿ ಎಸ್‌ಎಸ್‌ಡಿ ಮತ್ತು 8 ಜಿಬಿ ರ್‍ಯಾಮ್ ಎರಡೂ ಇವೆ. ಆರಂಭದಲ್ಲಿ ಚೆನ್ನಾಗಿದ್ದು, ವಿಡಿಯೋ ಕರೆ ಅರ್ಧ ಗಂಟೆ ನಡೆದ ಮೇಲೆ ಫ್ಯಾನ್ ಜೋರಾಗಿ ಸದ್ದು ಮಾಡುತ್ತದೆ, ಎಲ್ಲವೂ ತಡವರಿಸುತ್ತದೆ.

ಉತ್ತರ: ಇದು ಬಿಸಿಯ ಸಮಸ್ಯೆಯಂತೆ ತೋರುತ್ತದೆ. ಉಷ್ಣಾಂಶ 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ತಗ್ಗಿಸುತ್ತದೆ. ಫ್ಯಾನಿನ ಬಳಿಯ ಲೋಹದ ರೆಕ್ಕೆಗಳ ನಡುವೆ ಧೂಳು ಕಟ್ಟಿದ್ದರೆ ತೆಗೆಸಿ, ಪ್ರೊಸೆಸರಿನ ಬಿಸಿಯನ್ನು ಮೇಲಿನ ಲೋಹಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿದ್ದರೆ ಬದಲಿಸಿ. ಗಾಳಿ ಊದುವಾಗ ಫ್ಯಾನ್ ತಿರುಗದಂತೆ ಹಿಡಿದಿರಬೇಕು. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಬಳಸುವುದನ್ನೂ ನಿಲ್ಲಿಸಿ.

ಮತ್ತೊಬ್ಬ ಸದಸ್ಯರ ಪ್ರಶ್ನೆ: 2012ರ ಡೆಸ್ಕ್‌ಟಾಪ್, ಮೂರನೇ ತಲೆಮಾರಿನ ಐ3, 4 ಜಿಬಿ ರ್‍ಯಾಮ್. ಪತ್ರ ಟೈಪ್ ಮಾಡಲು ಮತ್ತು ಇಂಟರ್‌ನೆಟ್‌ಗೆ ಮಾತ್ರ ಬೇಕು. ಎಸೆಯಬೇಕೇ?

ಉತ್ತರ: ಎಸೆಯಬೇಡಿ. ಇದಕ್ಕೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ಆದರೆ ಸಣ್ಣ ಎಸ್‌ಎಸ್‌ಡಿ ಹಾಕಿ, ವಿಂಡೋಸಿನ ಬದಲು ಬಳಸಬಹುದಾದ ಉಚಿತ ಕಾರ್ಯಾಚರಣ ವ್ಯವಸ್ಥೆ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಸ್ಥಾಪಿಸಿದರೆ ನೀವು ಹೇಳಿದ ಕೆಲಸಗಳಿಗೆ ಧಾರಾಳವಾಗಿ ಸಾಕು. ಸ್ಥಾಪಿಸುವ ಮೊದಲು ಪೆನ್‌ಡ್ರೈವ್‌ನಿಂದಲೇ ನಡೆಸಿ, ಪ್ರಿಂಟರ್ ಮತ್ತು ಇಂಟರ್‌ನೆಟ್ ಕೆಲಸ ಮಾಡುತ್ತವೆಯೇ ಎಂದು ಪರೀಕ್ಷಿಸಬಹುದು. ನುಡಿಯಲ್ಲಿ ರೂಢಿಯಾದ ಕಗಪ ಕೀಲಿಮಣೆ ವಿನ್ಯಾಸ ಅಲ್ಲಿಯೂ ಇದೆ. ನುಡಿ ತಂತ್ರಾಂಶ ಮಾತ್ರ ವಿಂಡೋಸಿನದು. ಆದ್ದರಿಂದ ಹಳೆಯ ಫಾಂಟುಗಳಲ್ಲಿರುವ ಪತ್ರಗಳನ್ನು ಅದರ ಪರಿವರ್ತಕದ ಮೂಲಕ ಯೂನಿಕೋಡಿಗೆ ಬದಲಿಸಿ, ಒಂದೆರಡನ್ನು ತೆರೆದು ಒತ್ತಕ್ಷರಗಳು ಸರಿಯಾಗಿವೆಯೇ ಎಂದು ಓದಿ ನೋಡಿದ ಬಳಿಕವೇ ವಿಂಡೋಸನ್ನು ತೆಗೆಯಿರಿ.