ಸಹಾಯ ಬೇಕು: ಬ್ರೌಸರ್ ಫಿಂಗರ್‌ಪ್ರಿಂಟಿಂಗ್ ತಡೆಯುವುದು ಹೇಗೆ?

ನಮಸ್ಕಾರ. ನಾನು ಪುಣೆಯ ಕೋಥ್ರೂಡ್‌ನಲ್ಲಿದ್ದೇನೆ. ಅನುವಾದದ ಕೆಲಸ, ಹಾಗಾಗಿ ಲ್ಯಾಪ್‌ಟಾಪ್‌ನಲ್ಲಿ ಕನ್ನಡ, ಮರಾಠಿ ಫಾಂಟ್‌ಗಳು ರಾಶಿ ಬಿದ್ದಿವೆ.

ಕುಕೀ ಅಳಿಸಿದರೂ, ಇನ್‌ಕಾಗ್ನಿಟೊ ಬಳಸಿದರೂ ಡಿಜಿಟಲ್ ಹಕ್ಕುಗಳ ಸಂಸ್ಥೆ ಇಎಫ್ಎಫ್‌ನ 'ಕವರ್ ಯುವರ್ ಟ್ರ್ಯಾಕ್ಸ್' ಪರೀಕ್ಷೆಯಲ್ಲಿ ನನ್ನ ಬ್ರೌಸರ್ 'ಯೂನಿಕ್' (ಬೇರೆ ಯಾರದ್ದನ್ನೂ ಹೋಲದ್ದು) ಅಂತಲೇ ಬರುತ್ತಿದೆ. ಫಾಂಟ್, ಸ್ಕ್ರೀನ್ ಅಳತೆ, ಕ್ಯಾನ್ವಾಸ್ (ಬ್ರೌಸರ್‌ನಿಂದ ಗುಟ್ಟಾಗಿ ಚಿತ್ರ ಬಿಡಿಸಿ ನೋಡುವುದು), ಭಾಷೆ ಎಲ್ಲಾ ಸೇರಿಸಿ ವೆಬ್‌ಸೈಟ್‌ಗಳು ನಮ್ಮ ಗುರುತು ಹಿಡಿಯುತ್ತವಂತೆ; ಇದೇ ಫಿಂಗರ್‌ಪ್ರಿಂಟಿಂಗ್. ಟೈಮ್ ಜೋನ್ ಬಿಡಿ, ಇಡೀ ದೇಶಕ್ಕೆ ಒಂದೇ. ಆದರೆ ಬ್ರೌಸರ್ ಭಾಷೆ ಕನ್ನಡ ಅಂತ ಇಟ್ಟುಕೊಂಡು ಪುಣೆಯ ಐಪಿ ವಿಳಾಸದಿಂದ ಬರುವವರು ಎಷ್ಟು ಜನ ಇದ್ದಾರು? ಸುಮ್ನೆ ಎದ್ದು ಕಾಣುತ್ತೇವೆ, ಅಲ್ವಾ? ಹಾಗಂತ ಕನ್ನಡ ತೆಗೆಯಲು ಮನಸ್ಸಿಲ್ಲ.

ಫೈರ್‌ಫಾಕ್ಸ್‌ನ 'ರೆಸಿಸ್ಟ್ ಫಿಂಗರ್‌ಪ್ರಿಂಟಿಂಗ್' ಆನ್ ಮಾಡಿದರೆ ಸಮಯ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಆಗಿ, ವೆಬ್ ಕ್ಯಾಲೆಂಡರ್‌ನ ಮೀಟಿಂಗ್‌ಗಳೆಲ್ಲ ಐದೂವರೆ ಗಂಟೆ ಹಿಂದೆ ಕಾಣುತ್ತವೆ. ಟಾರ್ ಬ್ರೌಸರ್ ಎಲ್ಲರನ್ನೂ ಒಂದೇ ತರ ತೋರಿಸುತ್ತದೆ, ಸರಿ, ಆದರೆ ದಿನದ ಕೆಲಸಕ್ಕೆ ನಿಧಾನ ಜಾಸ್ತಿ. ಬ್ರೇವ್ ಬ್ರೌಸರ್ ಕ್ಯಾನ್ವಾಸ್ ಉತ್ತರವನ್ನು ಸೈಟಿಗೊಂದರಂತೆ ಸ್ವಲ್ಪ ಬದಲಿಸುತ್ತದೆ ಎಂದು ಓದಿದೆ.

ಯಾರಾದರೂ ಕನ್ನಡ ಫಾಂಟ್‌ಗಳನ್ನು ಇಟ್ಟುಕೊಂಡೇ ಬ್ರೇವ್ ಬಳಸುತ್ತಿದ್ದೀರಾ? ಬ್ಯಾಂಕ್ ಸೈಟ್‌ಗಳು ತಕರಾರು ಮಾಡುತ್ತವಾ? ಕೆಲಸಕ್ಕೊಂದು, ಸುತ್ತಾಟಕ್ಕೊಂದು ಬ್ರೌಸರ್ ಇಡುವುದೇ ಮೇಲಾ? ವಿಪಿಎನ್ ಮಾತ್ರ ಹೇಳಬೇಡಿ, ಅದು ಮುಚ್ಚುವುದು ಐಪಿಯನ್ನಷ್ಟೇ.