ಹಳೆಯ ಅಗ್ನಿಶಾಮಕ ವಾಹನದ ರೋಟರಿ ಪಂಪ್ ನೀರೆಳೆಯುತ್ತಿಲ್ಲ

ಪ್ರಶ್ನೆ – ಚೈನುಬಂಡಿ:
ನ್ಯೂಯಾರ್ಕ್ ರಾಜ್ಯದ ಸಣ್ಣ ಊರೊಂದರಲ್ಲಿ ನಾನು ಸ್ವಯಂಸೇವಕನಾಗಿರುವ ಅಗ್ನಿಶಾಮಕ ಠಾಣೆಯಲ್ಲಿ, ಇದೇ ರಾಜ್ಯದ ಎಲ್ಮೈರಾದಲ್ಲಿ ತಯಾರಾದ ಅಮೆರಿಕನ್ ಲಾಫ್ರಾನ್ಸ್ ಟೈಪ್ 75 ವಾಹನವನ್ನು ಮೂರು ಚಳಿಗಾಲಗಳಿಂದ ದುರಸ್ತಿ ಮಾಡುತ್ತಿದ್ದೇವೆ. ಆರು ಸಿಲಿಂಡರ್‌ಗಳ, ಸುಮಾರು 14 ಲೀಟರ್ ಎಂಜಿನ್ ಈಗ ಚೆನ್ನಾಗಿ ಓಡುತ್ತದೆ. ಆದರೆ ನಿಮಿಷಕ್ಕೆ 750 ಗ್ಯಾಲನ್ ಹರಿಸಬೇಕಾದ ರೋಟರಿ ಪಂಪ್ (ಹಲ್ಲು ಕೂಡಿಕೊಂಡ ಗೇರುಗಳು ತಿರುಗಿ ನೀರನ್ನು ತಳ್ಳುವ ಗೇರ್ ಪಂಪ್), ಹನ್ನೊಂದು ಅಡಿ ಕೆಳಗಿರುವ ಹೊಂಡದಿಂದ ಒಂದು ಬೊಗಸೆ ನೀರನ್ನೂ ಮೇಲಕ್ಕೆಳೆಯುವುದಿಲ್ಲ. ನಿರ್ವಾತ ಮಾಪಕದ ಮುಳ್ಳು 9 ಅಂಗುಲಕ್ಕೆ ನಿಂತುಬಿಡುತ್ತದೆ. ಗೇರುಗಳು ಸವೆದಿರುವುದರಿಂದ ಹೊಸದಾಗಿ ಎರಕ ಹೊಯ್ಯಿಸಬೇಕೆಂದು ಲೇತ್ ಕೆಲಸದವರೊಬ್ಬರು ಹೇಳುತ್ತಾರೆ. ಅದು ನಿಜವೇ ಎಂದು ಪಂಪ್ ಬಿಚ್ಚದೆ ತಿಳಿಯುವ ಉಪಾಯವಿದೆಯೇ?

ಉತ್ತರ – ಹಿತ್ತಾಳೆಗಂಟೆ:
ದಯವಿಟ್ಟು ಈಗಲೇ ಬಿಚ್ಚಬೇಡಿ. 9 ಅಂಗುಲ ಪಾದರಸವೆಂದರೆ ಸುಮಾರು 10 ಅಡಿ ನೀರು, ಆದ್ದರಿಂದ ಹನ್ನೊಂದು ಅಡಿ ಏರದಿರುವುದು ಸಹಜವೇ. ನೀರೆಳೆಯುವ ಸಕ್ಷನ್ ಹೋಸ್ ಕಳಚಿ ಪಂಪಿನ ಬಾಯಿಗೆ ಮುಚ್ಚಳ ಹಾಕಿ. ಹಳೆಯ ಹೋಸಿನ ಒಳಪದರ ಬಿಟ್ಟುಕೊಂಡು ದಾರಿಯನ್ನೇ ಮುಚ್ಚಿದರೂ ಹೊರಗಿನಿಂದ ಅದು ಕಾಣುವುದಿಲ್ಲ. ಪಂಪಿನೊಳಗೆ ಅರ್ಧ ಲೀಟರ್ ಎಣ್ಣೆ ಸುರಿದು, ಗಾಳಿ ಹೊರಹೋಗಲು ಒಂದು ಡೆಲಿವರಿಯನ್ನು (ನೀರು ಹೊರಬರುವ ಬಾಯಿಯನ್ನು) ಮಾತ್ರ ತೆರೆದಿಟ್ಟು, ನಿಧಾನವಾಗಿ ತಿರುಗಿಸಿ. ಎಣ್ಣೆ ಗೇರುಗಳ ಸಂದನ್ನು ತುಂಬುವುದರಿಂದ ಮುಳ್ಳು ಒಮ್ಮೆಲೇ ಮೇಲೇರಿದರೆ ಸವೆತವೇ ಕಾರಣ. ಏರದಿದ್ದರೆ ಎಲ್ಲಿಂದಲೋ ಗಾಳಿ ಒಳನುಗ್ಗುತ್ತಿದೆ. ಅಮೆರಿಕದ ಪರೀಕ್ಷಾ ನಿಯಮದಂತೆ 22 ಅಂಗುಲ ಬರಬೇಕು, ಮತ್ತು ಪಂಪ್ ನಿಲ್ಲಿಸಿದ ಮೇಲೆ 5 ನಿಮಿಷಗಳಲ್ಲಿ 10 ಅಂಗುಲಕ್ಕಿಂತ ಹೆಚ್ಚು ಇಳಿಯಬಾರದು. ನಿಲ್ಲಿಸುವ ಮುನ್ನ ಆ ಡೆಲಿವರಿಯನ್ನು ಮುಚ್ಚಲು ಮರೆತರೆ ಗಾಳಿ ಹಿಂದಿರುಗಿ, ಪರೀಕ್ಷೆಯೇ ಸುಳ್ಳಾಗುತ್ತದೆ.

ಉತ್ತರ – ಗ್ರೀಸ್‌ಕೈ:
ನನ್ನ ಅನುಮಾನ ಶಾಫ್ಟಿನ ಗ್ಲ್ಯಾಂಡ್ ಪ್ಯಾಕಿಂಗ್ ಮೇಲೆ, ಅಂದರೆ ಶಾಫ್ಟ್ ಪಂಪಿನಿಂದ ಹೊರಬರುವ ಕಡೆ (ಗ್ಲ್ಯಾಂಡ್) ಸೋರದಂತೆ ಅದರ ಸುತ್ತ ತುರುಕುವ ಉಂಗುರಗಳ ಮೇಲೆ. ವರ್ಷಗಟ್ಟಲೆ ಒಣಗಿ ನಿಂತ ಪ್ಯಾಕಿಂಗ್ ಹಳೆಯ ಹಗ್ಗದಂತೆ ಬಿರುಸಾಗಿರುತ್ತದೆ. ಗ್ಲ್ಯಾಂಡಿನ ಸುತ್ತ ಕ್ಷೌರದ ನೊರೆ ಬಳಿದು ನೋಡಿ. ಸೋರಿಕೆಯಿದ್ದಲ್ಲಿ ನೊರೆ ಒಳಕ್ಕೆ ಸೇದಿಕೊಂಡು ಸಣ್ಣ ಕುಳಿ ಬೀಳುತ್ತದೆ. (ನನಗೆ ಇದನ್ನು ಕಲಿಸಿದ ಹಿರಿಯರ ಗಡ್ಡ ಎದೆಯವರೆಗಿತ್ತು, ನೊರೆಯ ಡಬ್ಬಿ ಮಾತ್ರ ಸದಾ ಅವರ ಉಪಕರಣಗಳ ಪೆಟ್ಟಿಗೆಯಲ್ಲಿರುತ್ತಿತ್ತು.) ಹೊಸ ಪ್ಯಾಕಿಂಗ್ ಹಾಕಿದ ಮೇಲೆ ಬಿಗಿಯಾಗಿ ತಿರುವಬೇಡಿ. ನೀರು ತುಂಬಿ ಓಡುವಾಗ ಹನಿಹನಿಯಾಗಿ ತೊಟ್ಟಿಕ್ಕಲೇಬೇಕು, ಇಲ್ಲವಾದರೆ ಶಾಫ್ಟ್ ಕಾದು ಗೀರು ಬೀಳುತ್ತದೆ.

ಚೈನುಬಂಡಿ:
ಎಣ್ಣೆ ಹಾಕಿದಾಗ ಮುಳ್ಳು 11ಕ್ಕೆ ಮಾತ್ರ ಬಂದಿತು, ನೊರೆ ಹಿಂಬದಿಯ ಗ್ಲ್ಯಾಂಡಿನಲ್ಲಿ ಕ್ಷಣಾರ್ಧದಲ್ಲಿ ಮಾಯವಾಯಿತು. ಪ್ಯಾಕಿಂಗಿನ ಉಂಗುರಗಳ ಸೇರುವೆಗಳು ಒಂದರ ಮೇಲೊಂದು ಬಾರದಂತೆ ತಿರುಗಿಸಿ ಕೂರಿಸಿದೆವು. ಈಗ 22 ಅಂಗುಲ ಬರುತ್ತದೆ, 5 ನಿಮಿಷಗಳಲ್ಲಿ ಇಳಿಯುವುದು ನಾಲ್ಕೇ ಅಂಗುಲ. ಶನಿವಾರ ಹೊಂಡಕ್ಕೆ ಒಯ್ಯುತ್ತೇವೆ.

ಹಿತ್ತಾಳೆಗಂಟೆ:
ಒಯ್ಯುವ ಮುನ್ನ, ಒತ್ತಡ ಮಿತಿಮೀರಿದಾಗ ತಾನೇ ತೆರೆದುಕೊಳ್ಳುವ ರಿಲೀಫ್ ವಾಲ್ವ್ ಬಿಚ್ಚಿ, ಅದರ ಸ್ಪ್ರಿಂಗ್ ಸಲೀಸಾಗಿ ಆಡುತ್ತದೆಯೇ ಎಂದು ನೋಡಿ. ಚಕ್ರ ತಿರುಗಿಸಿ ನೀರನ್ನು ಹೊರಕ್ಕೆಸೆಯುವ ಸೆಂಟ್ರಿಫ್ಯೂಗಲ್ ಪಂಪಿನಲ್ಲಿ ನಾಝಲ್ ಮುಚ್ಚಿದರೆ ನೀರು ಒಳಗೇ ಸುತ್ತುತ್ತದೆ, ಆದರೆ ಗೇರ್ ಪಂಪ್ ತಳ್ಳುತ್ತಲೇ ಹೋಗುವುದರಿಂದ ಆ ವಾಲ್ವ್ ತುಕ್ಕು ಹಿಡಿದು ಅಂಟಿಕೊಂಡಿದ್ದರೆ ಹೋಸ್ ಒಡೆಯುತ್ತದೆ, ಅಥವಾ ಎಂಜಿನ್ ನಿಂತುಹೋಗುತ್ತದೆ.