ಆಟದ ಮೈದಾನದಿಂದ ಪರದೇಶದ ಕೋಚ್ ಹುದ್ದೆಗೆ: ಓದುಗರ ಸ್ಪಂದನ

ಬೆಟಗೇರಿಯ ಹಾಕಿ ಆಟಗಾರರೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಸಮಸ್ಯೆಯನ್ನು ಓದುಗರ ಮುಂದಿಟ್ಟಿದ್ದರು. ಅವರಿಗೀಗ 33 ವರ್ಷ. ಕ್ರೀಡಾ ಕೋಟಾದಲ್ಲಿ ಕೇಂದ್ರ ಸರಕಾರದ ಇಲಾಖೆಯೊಂದಕ್ಕೆ ಸೇರಿ ಹುಬ್ಬಳ್ಳಿಯಲ್ಲಿ ನೌಕರಿ ಮಾಡುತ್ತಿದ್ದಾರೆ. ಮೊಣಕಾಲಿನ ನೋವಿನಿಂದಾಗಿ ಇಲಾಖೆಯ ತಂಡದಲ್ಲಿ ಇನ್ನು ಹೆಚ್ಚು ಕಾಲ ಆಡುವಂತಿಲ್ಲ. ಆಗ್ನೇಯ ಏಷ್ಯಾದ ಸಣ್ಣ ದೇಶವೊಂದರ ಹಾಕಿ ಸಂಸ್ಥೆಯು ತನ್ನ ಕಿರಿಯರ ರಾಷ್ಟ್ರೀಯ ತಂಡಕ್ಕೆ ಸಹಾಯಕ ಕೋಚ್ ಆಗಿ ಎರಡು ವರ್ಷದ ಒಪ್ಪಂದದ ಮೇಲೆ ಬರುವಂತೆ ಕೇಳಿದೆ. ಪತ್ನಿ ಗದಗಿನಲ್ಲಿ ಶಿಕ್ಷಕಿ, ಮಗಳು ಎರಡನೆಯ ತರಗತಿಯಲ್ಲಿದ್ದಾಳೆ, ತಾಯಿಗೆ ವಯಸ್ಸಾಗಿದೆ. ಕೋಚಿಂಗ್‌ನಲ್ಲಿ ಅವರ ಬಳಿ ಇರುವುದು ಹಾಕಿ ಇಂಡಿಯಾದ ಆರಂಭಿಕ ಹಂತದ ಪ್ರಮಾಣಪತ್ರ ಮಾತ್ರ. ‘ಹೋಗಲೋ, ಇರಲೋ’ ಎಂಬ ಅವರ ಪ್ರಶ್ನೆಗೆ ಬಂದ ಉತ್ತರಗಳಲ್ಲಿ ಕೆಲವನ್ನು ಇಲ್ಲಿ ಪ್ರಕಟಿಸಿದ್ದೇವೆ.

*

ಸಹೋದರರೇ, ನಿಮ್ಮ ಪತ್ರದ ಎರಡು ಮಾತುಗಳು ನನಗೆ ಒಪ್ಪಿಗೆಯಾಗಲಿಲ್ಲ. ಇಷ್ಟು ವರ್ಷ ಆಡಿದವನಿಗೆ ಹುಡುಗರಿಗೆ ಕಲಿಸುವುದು ಕಷ್ಟವಲ್ಲ ಎಂದು ಒಂದು ಕಡೆ ಬರೆದಿದ್ದೀರಿ. ಸಹಾಯಕನ ಹುದ್ದೆ ನಿಮ್ಮ ಅನುಭವಕ್ಕೆ ಕಡಿಮೆಯಾಯಿತೇನೋ ಎಂದು ಇನ್ನೊಂದು ಕಡೆ ಸಂಕೋಚದಿಂದ ಸೂಚಿಸಿದ್ದೀರಿ. ನೀವು ಫಾರ್ವರ್ಡ್ ಆಟಗಾರರು, ಅಂದರೆ ಗೋಲು ಹೊಡೆಯಲು ಮುಂದೆ ನಿಲ್ಲುವವರು. ಗೋಲಿನ ಮುಂದಿನ ‘ಡಿ’ ಆವರಣದೊಳಗೆ ಚೆಂಡು ಬಂದಾಗ ಯಾವ ಕಡೆ ಹೊರಳಬೇಕೆಂಬುದು ನಿಮ್ಮ ಮೈಗೆ ಗೊತ್ತಿದೆ. ಆದರೆ ಏಕೆ ಆ ಕಡೆ ಹೊರಳಿದಿರಿ ಎಂದು ಹದಿನಾರು ವರ್ಷದ ಹುಡುಗ ಕೇಳಿದರೆ, ಅದನ್ನು ಬಿಡಿಸಿ, ಅವನು ನಾಳೆ ತಾನಾಗಿ ಮಾಡಬಲ್ಲ ಕ್ರಮದಲ್ಲಿ ಹೇಳುವುದು ಬೇರೆಯೇ ವಿದ್ಯೆ. ಅದೂ ಅಲ್ಲದೆ, ನಮ್ಮ ತಪ್ಪಿಗೆ ಎದುರಾಳಿಗೆ ಸಿಗುವ ಪೆನಾಲ್ಟಿ ಕಾರ್ನರ್ ಹೊಡೆತವನ್ನು ತಡೆಯುವಾಗ ಗೋಲ್‌ಕೀಪರ್ ಸೇರಿ ಐವರು ಯಾವ ಯಾವ ದಾರಿಯಲ್ಲಿ ಓಡಬೇಕೆಂಬುದನ್ನು ನೀವು ಎಂದೂ ಒಳಗಿನಿಂದ ಕಂಡವರಲ್ಲ, ಏಕೆಂದರೆ ಆ ಹೊತ್ತಿನಲ್ಲಿ ಫಾರ್ವರ್ಡ್‌ಗಳು ಮಧ್ಯರೇಖೆಯ ಆಚೆಗೆ ನಿಂತಿರುತ್ತಾರೆ. ಇಡೀ ತಂಡದ ಆಟವನ್ನು ಹೊರಗಿನಿಂದ ನೋಡುವ ಕಣ್ಣು ಬರುವುದು ಮತ್ತೊಬ್ಬ ಸಮರ್ಥ ಕೋಚ್‌ನ ಪಕ್ಕದಲ್ಲಿ ಕುಳಿತಾಗಲೇ.

ಈಗಿನ ಭಾರತ ಪುರುಷರ ತಂಡದ ಕೋಚ್ ಕ್ರೇಗ್ ಫುಲ್ಟನ್ ಅವರನ್ನೇ ನೋಡಿ. ದಕ್ಷಿಣ ಆಫ್ರಿಕಾ ಪರವಾಗಿ 1996 ಮತ್ತು 2004ರ ಒಲಿಂಪಿಕ್ಸ್‌ಗಳಲ್ಲಿ ಆಡಿದವರು. ನಂತರ ಐರ್ಲೆಂಡ್ ತಂಡದ ಮುಖ್ಯ ಕೋಚ್ ಆಗಿ, 1908ರ ಬಳಿಕ ಮೊದಲ ಬಾರಿಗೆ ಆ ದೇಶದ ಪುರುಷರ ತಂಡವನ್ನು 2016ರ ರಿಯೊ ಒಲಿಂಪಿಕ್ಸ್‌ಗೆ ಕರೆದೊಯ್ದರು. ಅಷ್ಟು ಮಾಡಿದ ಮೇಲೂ 2018ರಲ್ಲಿ ಬೆಲ್ಜಿಯಂ ತಂಡಕ್ಕೆ ಹೋದದ್ದು ಶೇನ್ ಮೆಕ್‌ಲಿಯೋಡ್ ಅವರ ಕೈಕೆಳಗೆ ಸಹಾಯಕರಾಗಿ. ಆ ತಂಡ ಟೋಕಿಯೊದಲ್ಲಿ ಚಿನ್ನ ಗೆದ್ದಿತು. ಭಾರತಕ್ಕೆ ಅವರು ಬಂದದ್ದು 2023ರಲ್ಲಿ, ಪ್ಯಾರಿಸ್‌ನ ಕಂಚು ಮರುವರ್ಷ. ಮುಖ್ಯ ಕೋಚ್ ಆಗಿದ್ದವರೇ ಸಹಾಯಕರಾಗಲು ಹಿಂಜರಿಯಲಿಲ್ಲ ಎಂದ ಮೇಲೆ ಪ್ರಮಾಣಪತ್ರದ ಮೊದಲ ಮೆಟ್ಟಿಲಲ್ಲಿ ಇರುವವರು ಹಿಂಜರಿಯಲು ಕಾರಣವೇ ಇಲ್ಲ. ಆದರೆ ಆ ತಂಡದ ಮುಖ್ಯ ಕೋಚ್ ಯಾರು, ಆತನಿಂದ ನಿಮಗೆ ಕಲಿಯಲು ಏನಿದೆ ಎಂಬುದನ್ನು ನೀವು ಪತ್ರದಲ್ಲಿ ಬರೆದಿಲ್ಲ. ನನ್ನ ಮಟ್ಟಿಗೆ ಸಂಬಳಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಅದು.

— ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಗದಗ

*

ಮಾನ್ಯರೇ, ನಾನು ಧಾರವಾಡದ ಸಪ್ತಾಪುರದಲ್ಲಿ ಬೆಳೆದವನು. ಉದ್ಯೋಗದ ನಿಮಿತ್ತ ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದ್ದೇನೆ. ಇಲ್ಲಿ ಹಾಕಿ ಎಂದರೆ ಐಸ್ ಹಾಕಿ. ಭಾರತದಲ್ಲಿ ಲಡಾಖ್ ಮತ್ತು ಹಿಮಾಚಲದ ಸ್ಪಿತಿ ಕಣಿವೆಯ ಆಚೆಗೆ ಆ ಆಟವನ್ನು ನೋಡಿದವರೇ ವಿರಳವಾದ್ದರಿಂದ ಅದರ ಉದಾಹರಣೆ ನಿಮಗೆ ದೂರದ್ದೆನಿಸಬಹುದು. ಆದರೂ ಅದನ್ನೇ ಎತ್ತಿಕೊಳ್ಳುತ್ತಿದ್ದೇನೆ, ಏಕೆಂದರೆ ವೃತ್ತಿಪರ ಆಟಗಾರನೊಬ್ಬ ಆಟ ನಿಲ್ಲಿಸಿ ಯಾವುದೋ ದೇಶದ ರಾಷ್ಟ್ರೀಯ ತಂಡದ ಬೆಂಚಿನ ಹಿಂದೆ ಕೋಚ್ ಆಗಿ ನಿಲ್ಲುವುದು ಆ ಆಟದಲ್ಲಿ ಹಲವರು ನಡೆದ ದಾರಿ.

ಮೊದಲು ಆ ಬೆಂಚಿನ ವಿಷಯ. ಐಸ್ ಹಾಕಿಯಲ್ಲಿ ಗೋಲ್‌ಕೀಪರ್ ಸೇರಿ ಆರು ಮಂದಿ ಮಂಜಿನ ಮೇಲಿರುತ್ತಾರೆ. ಇಪ್ಪತ್ತು ನಿಮಿಷದ ಮೂರು ಅವಧಿಗಳ ಆಟ. ಒಬ್ಬ ಆಟಗಾರ ಒಂದು ಸಲಕ್ಕೆ ಒಂದು ನಿಮಿಷವೂ ಆಡುವುದಿಲ್ಲ, ಆಟ ನಡೆಯುತ್ತಿರುವಾಗಲೇ ಗುಂಪು ಗುಂಪಾಗಿ ಬದಲಾಗುತ್ತಾರೆ. ಎದುರಾಳಿಯ ಯಾವ ಗುಂಪಿನ ಮೇಲೆ ನಮ್ಮ ಯಾವ ಗುಂಪನ್ನು ಇಳಿಸಬೇಕೆಂಬುದನ್ನು ಕೋಚ್ ಆಟದುದ್ದಕ್ಕೂ ನಿರ್ಧರಿಸುತ್ತಲೇ ಇರಬೇಕಾಗುತ್ತದೆ. ನಿಮ್ಮ ಹಾಕಿಯಲ್ಲೂ ಈಗ ಹದಿನೈದು ನಿಮಿಷದ ನಾಲ್ಕು ಅವಧಿಗಳು, ಮಿತಿಯಿಲ್ಲದ ಬದಲಾವಣೆ. ಹಾಗಾಗಿ ‘ನಾನೇ ಇಳಿದು ಗೋಲು ಹೊಡೆಯುತ್ತಿದ್ದೆ’ ಎಂಬ ಆಟಗಾರನ ಚಡಪಡಿಕೆಯನ್ನು ಬಿಟ್ಟು, ಯಾರು ದಣಿದರು, ಯಾರು ಹೆದರಿದರು ಎಂದು ಎಣಿಸುತ್ತಾ ಕೂರುವ ಮನಸ್ಸು ಎರಡೂ ಆಟಗಳಿಗೆ ಬೇಕು.

ನಿಮ್ಮ ಪರಿಸ್ಥಿತಿಗೆ ಬಹಳ ಹತ್ತಿರದ ಉದಾಹರಣೆ ಜಿಮ್ ಪೇಕ್ ಅವರದು. ಸೋಲ್‌ನಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದವರು. ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಆಡಿದ ಕೊರಿಯಾ ಸಂಜಾತರಲ್ಲಿ ಮೊದಲಿಗರು. ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ತಂಡದಲ್ಲಿದ್ದು 1991 ಮತ್ತು 1992ರಲ್ಲಿ ಆ ಲೀಗ್‌ನ ಪ್ರಶಸ್ತಿಯಾದ ಸ್ಟಾನ್ಲಿ ಕಪ್ ಗೆದ್ದವರು. ಅಂಥವರು ಆಟ ಬಿಟ್ಟ ಮೇಲೆ ನೇರವಾಗಿ ರಾಷ್ಟ್ರೀಯ ತಂಡ ಕೇಳಲಿಲ್ಲ. 2005ರಿಂದ 2014ರವರೆಗೆ ಗ್ರ್ಯಾಂಡ್ ರ‍್ಯಾಪಿಡ್ಸ್ ಎಂಬ ಎರಡನೆಯ ಸ್ತರದ ತಂಡದಲ್ಲಿ ಸಹಾಯಕ ಕೋಚ್ ಆಗಿಯೇ ದುಡಿದರು. 2014ರಲ್ಲಿ ದಕ್ಷಿಣ ಕೊರಿಯಾ ಅವರನ್ನು ಕರೆಸಿಕೊಂಡಾಗ ಆ ತಂಡಕ್ಕೆ ವಿಶ್ವಮಟ್ಟದಲ್ಲಿ ಹೆಸರೇ ಇರಲಿಲ್ಲ. 2017ರಲ್ಲಿ ಕೀವ್‌ನಲ್ಲಿ ನಡೆದ ಟೂರ್ನಿಯಲ್ಲಿ ಎರಡನೆಯ ಸ್ಥಾನ ಪಡೆದು ಅದು ವಿಶ್ವ ಚಾಂಪಿಯನ್‌ಷಿಪ್‌ನ ಅಗ್ರ ವಿಭಾಗಕ್ಕೆ ಏರಿತು. ಇಲ್ಲಿಯವರೆಗೆ ಕಥೆ ಚೆನ್ನಾಗಿದೆ. ಮುಂದಿನದನ್ನೂ ಓದಿ: 2018ರಲ್ಲಿ ತಮ್ಮದೇ ನೆಲದ ಪಿಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಆಡಿದ ನಾಲ್ಕೂ ಪಂದ್ಯಗಳಲ್ಲಿ ಸೋಲು, ಅದೇ ವರ್ಷದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎಲ್ಲ ಪಂದ್ಯಗಳನ್ನೂ ಸೋತು ಮತ್ತೆ ಕೆಳವಿಭಾಗಕ್ಕೆ. ಆದರೂ ಮರುವರ್ಷ ತಂಡದ ಹೊಣೆ ಅವರ ಕೈಯಲ್ಲೇ ಇತ್ತು. ಸಣ್ಣ ತಂಡದ ಕೋಚ್‌ನನ್ನು ಅಳೆಯುವ ಅಳತೆಗೋಲು ಗೆದ್ದ ಪಂದ್ಯಗಳಷ್ಟೇ ಅಲ್ಲವೆಂಬುದನ್ನು ಆ ದೇಶದ ಸಂಸ್ಥೆ ತಿಳಿದಿತ್ತು. ನಿಮ್ಮನ್ನು ಕರೆದಿರುವ ಸಂಸ್ಥೆಗೆ ಆ ತಿಳಿವಳಿಕೆ ಇದೆಯೇ? ಎರಡು ವರ್ಷದಲ್ಲಿ ತಮ್ಮ ತಂಡದಿಂದ ಏನನ್ನು ನಿರೀಕ್ಷಿಸುತ್ತಾರೆ ಎಂದು ಅವರನ್ನೇ ಕೇಳಿ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಮಾರ್ಕೊ ಸ್ಟುರ್ಮ್ ಎನ್‌ಎಚ್‌ಎಲ್‌ನಲ್ಲಿ 900ಕ್ಕೂ ಹೆಚ್ಚು ಪಂದ್ಯಗಳನ್ನಾಡಿದ ಜರ್ಮನ್ ಆಟಗಾರ. ಮುಖ್ಯ ಕೋಚ್ ಆಗಿ ದೊಡ್ಡ ಅನುಭವವಿಲ್ಲದೆಯೇ 2015ರಲ್ಲಿ ಜರ್ಮನಿಯ ತಂಡವನ್ನು ವಹಿಸಿಕೊಂಡರು. 2018ರ ಒಲಿಂಪಿಕ್ಸ್‌ನಲ್ಲಿ ಆ ತಂಡ ಫೈನಲ್ ತಲುಪಿ, ಹೆಚ್ಚುವರಿ ಸಮಯದಲ್ಲಿ ಸೋತು ಬೆಳ್ಳಿ ಪಡೆಯಿತು. ಆದರೆ ಅವರು ಹೋದದ್ದು ತಮ್ಮದೇ ದೇಶಕ್ಕೆ, ತಮ್ಮದೇ ಭಾಷೆಗೆ. ಜೊತೆಗೆ ಅವರ ಮುಂದಿನ ಹೆಜ್ಜೆಯೂ ಗಮನಾರ್ಹ: ಅಲ್ಲಿಂದ ಲಾಸ್ ಏಂಜಲೀಸ್ ತಂಡಕ್ಕೆ ಸಹಾಯಕರಾಗಿ ಹೋದರು.

ಕೆಲಸದಿಂದ ತೆಗೆದುಹಾಕಿದರೆ ಮಾನ ಹೋಗುತ್ತದೆ ಎಂಬ ನಿಮ್ಮ ಭಯಕ್ಕೆ ಒಂದು ಮಾತು. ಇಲ್ಲಿನ ಪ್ಯಾಟ್ರಿಕ್ ಫಿಶರ್ ಆಟಗಾರರಾಗಿ ಹೆಸರು ಮಾಡಿ, ಲುಗಾನೊ ಕ್ಲಬ್ಬಿನ ಕೋಚ್ ಆಗಿದ್ದರು. 2015ರಲ್ಲಿ ಕ್ಲಬ್ ಅವರನ್ನು ತೆಗೆಯಿತು. ಅದೇ ವರ್ಷ ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ತಂಡ ಅವರನ್ನು ನೇಮಿಸಿಕೊಂಡಿತು. 2018, 2024 ಮತ್ತು 2025ರಲ್ಲಿ ಅವರ ತಂಡ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದಿತು. ಈ ವೃತ್ತಿಯಲ್ಲಿ ತೆಗೆದುಹಾಕುವುದು ಅಪಮಾನವಲ್ಲ, ವಾಡಿಕೆ. ಹುಬ್ಬಳ್ಳಿಯ ಕಚೇರಿಯ ಲೆಕ್ಕದಲ್ಲಿ ಅದನ್ನು ಅಮಾನತು ಎಂದು ಓದಿಕೊಳ್ಳಬೇಡಿ.

— ಧಾರವಾಡ ಮೂಲದ ಇಂಜಿನಿಯರ್, ಸ್ವಿಟ್ಜರ್ಲೆಂಡ್

*

ಪತ್ರ ಬರೆದ ಆಟಗಾರರು ರಾಜೀನಾಮೆ ಕೊಡುವ ಮಾತನ್ನು ಆಡಿದ್ದಾರೆ. ಕೇಂದ್ರ ಸರಕಾರದ ಕಚೇರಿಯೊಂದರ ಸಿಬ್ಬಂದಿ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದ ನಾನು ಹೇಳುವುದೇನೆಂದರೆ, ಮೊದಲು ರಜೆಯ ನಿಯಮಗಳನ್ನು ಓದಿ. ವೇತನವಿಲ್ಲದ ಅಸಾಧಾರಣ ರಜೆ ಎಂಬುದೊಂದಿದೆ. ಯಾವುದೇ ಬಗೆಯ ರಜೆಯಾಗಲಿ, ಸತತವಾಗಿ ಐದು ವರ್ಷ ಮೀರಬಾರದೆಂಬುದು ಸಾಮಾನ್ಯ ನಿಯಮ. ನಿಮಗೆ ಬೇಕಿರುವುದು ಎರಡೇ ವರ್ಷ. ಆದರೆ ರಜೆ ನೌಕರನ ಹಕ್ಕಲ್ಲ, ಮಂಜೂರು ಮಾಡುವುದು ಅಧಿಕಾರಿಯ ವಿವೇಚನೆ. ಅದಕ್ಕಿಂತ ಮುಖ್ಯವಾಗಿ, ರಜೆಯಲ್ಲಿದ್ದುಕೊಂಡು ಬೇರೆ ಕಡೆ ಸಂಬಳದ ಕೆಲಸ ಮಾಡಬೇಕಾದರೆ ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಬೇಕೇ ಬೇಕು. ಅನುಮತಿಯಿಲ್ಲದೆ ಹೋಗಿ ಸಿಕ್ಕಿಬಿದ್ದರೆ ಶಿಸ್ತುಕ್ರಮ ಎದುರಿಸಬೇಕಾಗುತ್ತದೆ. ಆದ್ದರಿಂದ ರಜೆಯ ಅರ್ಜಿಯಲ್ಲಿ ‘ವೈಯಕ್ತಿಕ ಕಾರಣ’ ಎಂದು ಬರೆಯುವ ಜಾಣತನ ಬೇಡ. ಆ ದೇಶದ ಸಂಸ್ಥೆಯ ಪತ್ರವನ್ನು ಲಗತ್ತಿಸಿ, ಕೆಲಸದ ಸ್ವರೂಪ ಮತ್ತು ಸಂಭಾವನೆಯನ್ನು ಸ್ಪಷ್ಟವಾಗಿ ತಿಳಿಸಿ, ನಿಮ್ಮ ಇಲಾಖೆಯ ಕ್ರೀಡಾ ವಿಭಾಗದ ಶಿಫಾರಸಿನೊಂದಿಗೆ ಮೇಲಕ್ಕೆ ಕಳಿಸಿ. ವೇತನವಿಲ್ಲದ ಆ ಅವಧಿ ಬಡ್ತಿಗೆ, ಪಿಂಚಣಿಗೆ ಹೇಗೆ ಲೆಕ್ಕವಾಗುತ್ತದೆ ಎಂಬುದನ್ನು ಮೊದಲೇ ಬರಹದಲ್ಲಿ ಕೇಳಿಕೊಳ್ಳಿ. ಕಡತ ನಿಧಾನವಾಗಿ ಚಲಿಸುತ್ತದೆ (ಎಷ್ಟು ನಿಧಾನವೆಂಬುದನ್ನು ನನ್ನ ಹಳೆಯ ಮೇಜನ್ನು ಬಲ್ಲವರು ಬಲ್ಲರು). ಹಾಗಾಗಿ ಆಚೆಯವರಿಗೆ ಸೇರುವ ದಿನಾಂಕವನ್ನು ಈಗಲೇ ಮಾತು ಕೊಡಬೇಡಿ.

— ನಿವೃತ್ತ ಕಚೇರಿ ಅಧೀಕ್ಷಕ, ವಿದ್ಯಾನಗರ, ಹುಬ್ಬಳ್ಳಿ

*

ಅಣ್ಣಾವರೇ, ನನ್ನ ಯಜಮಾನರು ಕಬಡ್ಡಿ ಆಟಗಾರರಾಗಿದ್ದು, ಪರದೇಶದ ತಂಡವೊಂದಕ್ಕೆ ಆಟ ಕಲಿಸಲು ಹೋಗಿದ್ದರು. ಆ ದಿನಗಳಲ್ಲಿ ಹಾವೇರಿಯಲ್ಲಿ ಮಕ್ಕಳನ್ನೂ ಅತ್ತೆಯವರನ್ನೂ ನೋಡಿಕೊಂಡವಳು ನಾನು. ಅಷ್ಟು ಉದ್ದದ ನಿಮ್ಮ ಪತ್ರದಲ್ಲಿ ಮೊಣಕಾಲಿನ ನೋವು, ಇಲಾಖೆಯ ರಾಜಕೀಯ, ‘ಸರಕಾರಿ ನೌಕರಿ ಬಿಟ್ಟ ಯಾರರ ಹೊಕ್ಕಾರೇನು’ ಎಂದ ಗೆಳೆಯರ ಮಾತು ಎಲ್ಲವೂ ಇವೆ. ನಿಮ್ಮ ಮನೆಯವರು ಏನೆಂದರು ಎಂಬುದು ಮಾತ್ರ ಇಲ್ಲ. ಅವರೂ ನೌಕರಿಯಲ್ಲಿರುವವರು. ನಿಮ್ಮ ತಾಯಿಯವರನ್ನು ದವಾಖಾನೆಗೆ ಕರೆದುಕೊಂಡು ಹೋಗುವುದು, ಮಗಳ ಶಾಲೆಯ ಸಭೆಗೆ ಹೋಗುವುದು, ಮನೆ ಸಾಲದ ಕಂತು ಕಟ್ಟುವುದು ಎಲ್ಲವೂ ಒಬ್ಬರ ಹೆಗಲಿಗೆ ಬೀಳುತ್ತವೆ. ಹಣ ಬರುವುದು ತಡವಾದ ತಿಂಗಳಲ್ಲಿ ಏನು ಮಾಡುವುದೆಂದು ನೀವಿಬ್ಬರೂ ಕುಳಿತು ಮಾತಾಡಿದ್ದೀರಾ?

ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಯಜಮಾನರು ಹೋದದ್ದರಿಂದ ನಮಗೆ ಒಳ್ಳೆಯದೇ ಆಯಿತು. ಆದರೆ ಶಾಲೆಯ ಬೇಸಿಗೆ ರಜೆಯಲ್ಲಿ ಮನೆಯವರೂ ಮಗಳೂ ಅಲ್ಲಿಗೆ ಬಂದು ಇರುವಂತೆ ಟಿಕೆಟ್ಟು ಮತ್ತು ವಸತಿಯನ್ನು ಒಪ್ಪಂದದಲ್ಲೇ ಸೇರಿಸಿ. ನಾವು ಕೇಳಿರಲಿಲ್ಲ, ಕೇಳಿದ್ದರೆ ಅವರು ಕೊಡುತ್ತಿದ್ದರೆಂದು ಆಮೇಲೆ ತಿಳಿಯಿತು.

— ಓದುಗಿ, ಹಾವೇರಿ

*

ಬೇರೆಯವರ ಪತ್ರಗಳಲ್ಲಿ ಏನಿರುತ್ತದೋ ತಿಳಿಯದು, ನಾನು ಸ್ವಲ್ಪ ಬೇರೆ ಮಾತು ಹೇಳಬಯಸುತ್ತೇನೆ. ಧಾರವಾಡದಲ್ಲಿ ಮಕ್ಕಳಿಗೆ ಹಾಕಿ ಕಲಿಸುವ ನನಗೆ, ಅವಸರದ ಹೊರಡುವಿಕೆಗಿಂತ ಒಂದು ವರ್ಷದ ಸಿದ್ಧತೆ ಮೇಲೆನಿಸುತ್ತದೆ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಕೋಚಿಂಗ್ ಡಿಪ್ಲೊಮಾ ಇದೆ. ಅಷ್ಟು ಕಾಲ ಸಿಗದಿದ್ದರೆ ಆರು ವಾರಗಳ ಸರ್ಟಿಫಿಕೇಟ್ ಕೋರ್ಸ್ ಇದೆ. ಹಾಕಿ ಇಂಡಿಯಾದ ಆರಂಭಿಕ ಹಂತ ಮುಗಿಸಿದವರು ಅದರ ಒಂದನೆಯ ಹಂತವನ್ನೂ, ಆ ಬಳಿಕ ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ನಿನ ಹಂತಗಳನ್ನೂ ಏರಬಹುದು. ಪರದೇಶದ ಸಂಸ್ಥೆಗಳು ಕೇಳುವುದು ಈ ಕೊನೆಯ ಪ್ರಮಾಣಪತ್ರವನ್ನೇ. ಆ ಕೋರ್ಸ್‌ಗಳು ಇಂಗ್ಲಿಷಿನಲ್ಲಿ ನಡೆಯುವುದರಿಂದ ಇಂಗ್ಲಿಷಿನಲ್ಲಿ ಮಾತಾಡಲು ನಿಮಗಿರುವ ಅಳುಕೂ ಅಲ್ಲಿಯೇ ಕಡಿಮೆಯಾದೀತು.

ಹೊರಗೆ ಹೋದವರು ಹಿಂತಿರುಗಲಾರರು ಎಂಬ ಮಾತನ್ನು ನಂಬಬೇಡಿ. ಹರೇಂದ್ರ ಸಿಂಗ್ ಅವರ ಕೈಕೆಳಗೆ ಭಾರತದ ಕಿರಿಯರು 2016ರಲ್ಲಿ ಲಖನೌದಲ್ಲಿ ವಿಶ್ವಕಪ್ ಗೆದ್ದರು. ಆಮೇಲೆ ಅವರು ಅಮೆರಿಕದ ಪುರುಷರ ತಂಡಕ್ಕೆ ಕೋಚ್ ಆಗಿ ಹೋಗಿ, 2024ರಲ್ಲಿ ಭಾರತದ ಮಹಿಳಾ ತಂಡಕ್ಕೆ ಮರಳಿದರು. ಆದರೆ ಅವರು ಹೋಗುವಾಗ ಕೈಯಲ್ಲಿ ಒಂದು ವಿಶ್ವಕಪ್ ಇತ್ತು. ನಿಮ್ಮ ಕೈಯಲ್ಲಿ ಕನಿಷ್ಠ ಒಂದು ಹಂತದ ಪ್ರಮಾಣಪತ್ರವಾದರೂ ಹೆಚ್ಚಿಗೆ ಇರಲಿ. ಆ ಸಂಸ್ಥೆಗೆ ನಿಮ್ಮ ಮೇಲೆ ನಿಜವಾದ ಆಸಕ್ತಿ ಇದ್ದರೆ ಆರು ತಿಂಗಳು ಕಾಯುತ್ತದೆ, ಅಥವಾ ಮೊದಲು ಒಂದು ಶಿಬಿರಕ್ಕಷ್ಟೇ ಬಂದು ಹೋಗಿ ಎನ್ನುತ್ತದೆ. ಎರಡಕ್ಕೂ ಒಪ್ಪದೆ, ಈ ತಿಂಗಳೇ ಸಹಿ ಹಾಕಬೇಕೆಂದು ಒತ್ತಾಯಿಸಿದರೆ, ಒಪ್ಪಂದವನ್ನು ನಡುವೆ ಮುರಿದಾಗ ಎಷ್ಟು ತಿಂಗಳ ಸಂಬಳ ಕೊಡುತ್ತೀರಿ, ಮರಳುವ ಟಿಕೆಟ್ಟು ಯಾರದು, ಮೊಣಕಾಲಿನ ಚಿಕಿತ್ಸೆಗೆ ವಿಮೆ ಇದೆಯೇ ಎಂದು ಮೂರು ಸಾಲಿನ ಮಿಂಚಂಚೆ ಕಳಿಸಿ. ಆ ಮೂರಕ್ಕೂ ಬರಹದಲ್ಲಿ ಉತ್ತರ ಬಾರದಿದ್ದರೆ ಹೋಗಬೇಡಿ.

— ಹಾಕಿ ತರಬೇತುದಾರ, ಧಾರವಾಡ